ಅಕ್ಕಯ್ಯಮ್ಮ ಗಂಡನನ್ನು ಮದರಾಸಿಗೆ ಕಳಿಸಿದ್ದು

ನಮ್ಮತ್ತೆ ಅಕ್ಕಯ್ಯಮ್ಮ ಯುದ್ಧದ ಕಾಲದಲ್ಲಿ ವಿಮಾನಕ್ಕೇ ಅಡ್ಡ ನಿಂತಳು ಎಂದು ನಮ್ಮ ಗಣಿಯ ಕೋರಮಂಡಲ್ ಲೈನಿನವರು ಇಂದಿಗೂ ಹೇಳುತ್ತಾರೆ. ಶುದ್ಧ ಸುಳ್ಳು. ವಿಮಾನಕ್ಕೆ ಯಾರಾದರೂ ಅಡ್ಡ ನಿಲ್ಲುತ್ತಾರೆಯೇ? ಅವಳು ಅಡ್ಡ ನಿಂತದ್ದು ಆಸ್ಪತ್ರೆಯ ವ್ಯಾನಿಗೆ. ನಾನು ಅವಳ ಸೊಸೆ, ವೆಂಕಟರತ್ನಮ್ಮ. ಆ ಹೊತ್ತಿನಲ್ಲಿ ಅವಳ ಸೆರಗು ಹಿಡಿದು ಹಿಂದಕ್ಕೆ ಎಳೆಯುತ್ತಿದ್ದವಳೇ ನಾನು. ಅಲ್ಲಿ ಇಲ್ಲದವರೆಲ್ಲ ಕಣ್ಣಾರೆ ಕಂಡವರ ಹಾಗೆ ಕಥೆ ಕಟ್ಟುವುದನ್ನು ಕೇಳಿ ಕೇಳಿ ನನಗೂ ಸಾಕಾಗಿದೆ. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ಅತ್ತೆಯ ತವರು ಬೇತಮಂಗಲದ ಕೆರೆಯ ಹಿಂದಿನ ಹಳ್ಳಿ. ಕೂಲಿನಾಲಿ ಮಾಡುವ ಮನೆತನ. ಮದುವೆಯಾಗಿ ಬಂದದ್ದು ಚಿನ್ನದ ಗಣಿಯ ಕೂಲಿಗಳ ಸಾಲುಮನೆಯ ಲೈನಿಗೆ, ಕಾಲು ಚಾಚಿದರೆ ಗೋಡೆ ತಾಗುವ ಮನೆಗೆ. ಆದರೆ ಗಣಿಗೆ ಬರುತ್ತಿದ್ದ ಕುಡಿಯುವ ನೀರು ಬೇತಮಂಗಲದ್ದು. ಆ ಒಂದು ಕಾರಣಕ್ಕೆ ಅವಳು ಬೀದಿ ನಲ್ಲಿಯನ್ನು ಅಪ್ಪ ಉಡುಗೊರೆ ಕೊಟ್ಟ ಆಸ್ತಿಯಂತೆ ಆಳುತ್ತಿದ್ದಳು. "ನಮ್ಮೂರ್ ನೀರು ಕಣ್ರೇ ಇದು, ಸಾಲಾಗ್ ನಿಂತ್ಕಂಡ್ರೆ ಉಂಟು, ಇಲ್ದಿದ್ರೆ ಇಲ್ಲ!" ಒಂದು ಬೇಸಿಗೆಯಲ್ಲಿ ಲೈನಿನ ನಲ್ಲಿ ಒಣಗಿತು, ಆಫೀಸರ ಬಂಗಲೆಗಳ ಹೂವಿನ ಗಿಡಗಳಿಗೆ ಮಾತ್ರ ನೀರು ನಿಲ್ಲಲಿಲ್ಲ. ಇವಳು ಖಾಲಿ ಕೊಡ ತೆಗೆದುಕೊಂಡು ಹೋಗಿ ಬಂಗಲೆಯ ಗೇಟಿಗೆ ಒರಗಿ ಕೂತುಬಿಟ್ಟಳು. ಸಂಜೆ ಲೈನಿಗೆ ನೀರು ಬಂತು. ನಾನು ಮದುವೆಯಾಗಿ ಬಂದಾಗ ಅವಳು ನನಗೆ ಮೊದಲು ಹೇಳಿದ ಬುದ್ಧಿಮಾತು ಇದು: "ಲೇ ರತ್ನಿ, ಇಲ್ಲಿ ಮೆತ್ತಗಿದ್ರೆ ಕೊಡ ತುಂಬಲ್ಲ."

ಮಾವ ಕದಿರಪ್ಪ ಅವಳಿಗೆ ಪೂರಾ ತದ್ವಿರುದ್ಧ. ಮೀಸೆ ಮೂಡುವ ಮುಂಚೆಯೇ ಗಣಿಗೆ ಇಳಿದವನು. ಬಂಡೆಗೆ ತೂತು ಕೊರೆಯುವ ಕೆಲಸ. ಆ ಧೂಳು ವರ್ಷಗಟ್ಟಲೆ ಎದೆಯೊಳಗೆ ಇಳಿದು ಕೊನೆಗೆ ಕಲ್ಲಾಗಿ ಕೂತುಬಿಟ್ಟಿತು. ನಾನು ನೋಡುವ ಹೊತ್ತಿಗೆ ಮಂಚದಿಂದ ಬಾಗಿಲಿಗೆ ನಡೆದರೆ ಅಲ್ಲೇ ನಿಂತು ಸುಧಾರಿಸಿಕೊಳ್ಳಬೇಕಿತ್ತು. ಅವನ ಬಾಯಲ್ಲಿ ಬೇಕು ಎಂಬ ಮಾತೂ ಇಲ್ಲ, ಬೇಡ ಎಂಬ ಮಾತೂ ಇಲ್ಲ. ಅವನ ಪಾಲಿನ ಮಾತನ್ನೆಲ್ಲ ಅತ್ತೆಯೇ ಆಡುತ್ತಿದ್ದಳು. "ಹೇಗಿದ್ದೀಯಪ್ಪ ಕದಿರಪ್ಪ?" ಎಂದು ಡಾಕ್ಟರು ಕೇಳಿದರೆ, "ರಾತ್ರಿಯೆಲ್ಲ ಕೆಮ್ದ, ಒಂದ್ ತುತ್ತೂ ತಿನ್ಲಿಲ್ಲ" ಎಂದು ಉತ್ತರ ಬರುತ್ತಿದ್ದದ್ದು ಅವಳಿಂದ. ಕ್ಷೌರದವನ ಹತ್ತಿರವೂ ಅಷ್ಟೇ. ಮೀಸೆ ಎಷ್ಟು ಬಿಡಬೇಕೆಂದು ಇವಳೇ ಹೇಳಬೇಕು!

ಅವಳನ್ನು ಸುಮ್ಮನೆ ಗಯ್ಯಾಳಿ ಎಂದುಕೊಳ್ಳಬೇಡಿ. ಐವತ್ತರ ದಶಕದಲ್ಲಿ ಒಮ್ಮೆ ಗಣಿಯೊಳಗೆ ಬಂಡೆ ಸಿಡಿದು ಮಾವನ ಗುಂಪು ಆಳದಲ್ಲಿ ಸಿಕ್ಕಿಕೊಂಡಿತ್ತು. ಅಂಥ ಹೊತ್ತಿನಲ್ಲಿ ಸೈರನ್ ಕೂಗುತ್ತದೆ. ಕೂಗಿದರೆ ಲೈನಿನ ಹೆಂಗಸರೆಲ್ಲ ಒಲೆಯ ಮೇಲಿದ್ದದ್ದನ್ನು ಹಾಗೇ ಬಿಟ್ಟು ಗಣಿಗೆ ಇಳಿಯುವ ಶಾಫ್ಟಿನ ಬಾಯಿಗೆ ಓಡುತ್ತಾರೆ. ತಮ್ಮ ತಮ್ಮ ಗಂಡಸರು ಮೇಲೆ ಬರುವ ತನಕ ಯಾರೂ ಮನೆಗೆ ಹೋಗುವುದಿಲ್ಲ. ಅದು ಯಾರೋ ಬರೆದಿಟ್ಟ ನಿಯಮವಲ್ಲ, ಆದರೆ ಮೀರಿದವರನ್ನು ನಾನು ಕಂಡಿಲ್ಲ. ಅವತ್ತು ವಾಚ್‌ಮನ್ ಲಾಠಿಯಿಂದ ತಳ್ಳಿದರೆ ಅತ್ತೆ ಆ ಲಾಠಿಯನ್ನೇ ಹಿಡಿದುಕೊಂಡು ನಿಂತಳಂತೆ. ಮಾವ ಜೀವಸಹಿತ ಮೇಲೆ ಬಂದ. ತಾನು ಅಲ್ಲಿ ನಿಂತದ್ದರಿಂದಲೇ ಬಂದ ಎಂದು ಅವಳು ನಂಬಿದ್ದಳು, ಬೇರೆ ಮಾತು ಹೇಳಿದವರಿಗೆ ಬೈಗುಳ ಗ್ಯಾರಂಟಿ.

ಅರವತ್ತೈದರ ಸೆಪ್ಟೆಂಬರಿನಲ್ಲಿ ಯುದ್ಧ ಬಂತು. ಪಾಕಿಸ್ತಾನದ ವಿಮಾನ ಇಷ್ಟು ದೂರ ಬರುತ್ತದೆಯೇ ಎಂದು ನಾವು ನಕ್ಕೆವು, ಆದರೆ ಚಿನ್ನ ಇರುವ ಕಡೆಗೇ ಬರುವುದು ಎಂದು ಯಾರೋ ಹಬ್ಬಿಸಿದರು. ರಾತ್ರಿ ಬೆಳಕು ಹೊರಗೆ ಕಾಣದಂತೆ ಕಿಟಕಿಗೆ ಗೋಣಿತಾಟು ಕಟ್ಟಿದೆವು. ಬೆಂಗಳೂರಿನಿಂದ ಒಬ್ಬ ಆಫೀಸರು ಬಂದರು. ಬಿಳಿಯರು ಹೋಗಿ ನಮ್ಮವರೇ ಬಂದಿದ್ದರೂ ಲೈನಿನಲ್ಲಿ ಆಫೀಸರೆಂದರೆ ದೊರೆಯೇ. ಮೈದಾನದ ಪಕ್ಕ ಹಳ್ಳ ತೋಡಿಸಿದ್ದೇವೆ, ಸೈರನ್ ಕೂಗಿದ ತಕ್ಷಣ ಅದರೊಳಗೆ ಹೋಗಿ ಬೋರಲು ಮಲಗಬೇಕು ಎಂದು ಅವರು ಎಲ್ಲರನ್ನೂ ಕೂರಿಸಿ ಹೇಳಿಕೊಟ್ಟರು. ನಾವು ತಲೆ ಆಡಿಸಿದೆವು.

ಮರುದಿನ ಅಭ್ಯಾಸಕ್ಕೆಂದು ಸೈರನ್ ಕೂಗಿಸಿದರು. ಲೈನಿಗೆ ಲೈನೇ ಎದ್ದು ಶಾಫ್ಟಿನ ಬಾಯಿಗೆ ಓಡಿತು! ನಾನೂ ಓಡಿದೆ. ನನ್ನ ಗಂಡ ರಾಮಚಂದ್ರಪ್ಪ ಆಗ ಪಾಳಿಯಲ್ಲಿ ಕೆಳಗಿದ್ದ, ಹಳ್ಳ ಯಾರಿಗೆ ನೆನಪಿರುತ್ತದೆ? ಪಕ್ಕದ ಮನೆಯ ಮಾರಿಯಮ್ಮ "ಅಯ್ಯೋ ಕಡವುಳೇ, ಕಡವುಳೇ" ಎಂದು ತಮಿಳಿನಲ್ಲಿ ದೇವರನ್ನು ಕೂಗುತ್ತಾ ಎದೆ ಬಡಿದುಕೊಳ್ಳುತ್ತಿದ್ದಳು. ಖಾಲಿ ಹಳ್ಳದ ಪಕ್ಕ ಒಬ್ಬರೇ ನಿಂತಿದ್ದ ಆಫೀಸರು ಏದುಸಿರು ಬಿಡುತ್ತಾ ನಾವಿದ್ದ ಕಡೆ ಬಂದರು.

"ನಿನ್ನೆ ಏನು ಹೇಳಿದ್ದೆ ನಿಮಗೆ? ಹಳ್ಳದಲ್ಲಿ ಮಲಗಿ ಅಂತ ಹೇಳಲಿಲ್ಲವಾ?"

"ಏಳಿದ್ರಿ ದೊರೆ," ಅಂದಳು ಅತ್ತೆ. "ಕಿವಿ ಕೇಳ್ತು, ಕಾಲು ಕೇಳ್ಲಿಲ್ಲ. ಈ ಸೈರನ್ ಕೂಗ್ದಾಗೆಲ್ಲ ನಮ್ ಗಂಡಸ್ರು ಒಳಗ್ ಸಿಕ್ಕಾಕ್ಕಂಡಿರ್ತಾರೆ. ಬೇರೆ ಕಡೆ ಓಡ್ಬೇಕು ಅಂದ್ರೆ ಬೇರೆ ತರ ಕೂಗೋ ಸೈರನ್ ತರ್ಸಿ."

"ಮೇಲಿಂದ ಬಾಂಬು ಬಿದ್ದರೆ ಇಲ್ಲಿ ಗುಂಪು ಕಟ್ಟಿದವರೆಲ್ಲ ಸಾಯ್ತೀರಿ ಕಣಮ್ಮ!"

"ಅಂಗಾದ್ರೆ ಕೆಳಕ್ಕಿಳ್ಸಿ. ಇಷ್ಟ್ ಆಳದ್ ಗುಂಡಿ ಇಟ್ಕಂಡು ಮೊಳದುದ್ದ ಹಳ್ಳ ತೋಡ್ಸಿದ್ದೀರಲ್ಲ!"

"ಹೆಂಗಸರು ಗಣಿಯೊಳಗೆ ಇಳಿಯೋ ಹಾಗಿಲ್ಲ. ಕಾನೂನಿದೆ."

"ಆ ಕಾನೂನು ಬಾಂಬಿಗೂ ಒಸಿ ಏಳ್ಬುಡಿ ದೊರೆ, ಹೆಂಗಸ್ರನ್ನ ಬಿಟ್ಟು ಬೀಳು ಅಂತ."

ಹೆಂಗಸರೆಲ್ಲ ಗೊಳ್ಳೆಂದರು. ಆಫೀಸರ ಮುಖ ಕೆಂಪಾಯಿತು. ಅವರು ಅವಳ ಹೆಸರೇನೆಂದು ಕೇಳಿದರು, ಅವಳು ಅಪ್ಪನ ಹೆಸರನ್ನೂ ಸೇರಿಸಿ ಹೇಳಿದಳು.

ಆಗ ಮಾವ ಆಸ್ಪತ್ರೆಯಲ್ಲಿದ್ದ. ಗೌರಿಹಬ್ಬದ ಹೊತ್ತಿಗೆ ಉಸಿರು ತೀರಾ ಕಟ್ಟಿ ಸೇರಿಸಿದ್ದೆವು. ಸೈರನ್ನಿನ ಗಲಾಟೆ ಮುಗಿದ ಒಂದೆರಡು ದಿನಕ್ಕೆ ವಾರ್ಡಿಗೆ ಅಪ್ಪಣೆ ಬಂತು: ಗಾಯಗೊಂಡ ಸೈನಿಕರಿಗೆ ಮಂಚ ಬೇಕಾಗಬಹುದು, ಗಣಿಯ ಮೇಲೆ ಬಾಂಬಿನ ಭಯವೂ ಇದೆ, ಬಹಳ ದಿನದ ರೋಗಿಗಳನ್ನೆಲ್ಲ ಮದರಾಸಿನ ಆಸ್ಪತ್ರೆಗೆ ಸಾಗಿಸಬೇಕು. ಡಾಕ್ಟರು ಒಳ್ಳೆಯವರು, ಅತ್ತೆಯನ್ನು ಪಕ್ಕಕ್ಕೆ ಕರೆದು ಬಿಡಿಸಿ ಹೇಳಿದರು. ದಾರಿ ಎರಡು. ಲಾರಿಯಲ್ಲಿ ಬಂಗಾರಪೇಟೆಗೆ ಹೋಗಿ ಅಲ್ಲಿಂದ ಮದರಾಸಿನ ರೈಲು ಹತ್ತುವುದು ಒಂದು. ಅದರಲ್ಲಿ ರೋಗಿಯ ಜೊತೆ ಮನೆಯವರೊಬ್ಬರು ಹೋಗಬಹುದು. ಆದರೆ ಮಿಲಿಟರಿ ರೈಲುಗಳಿಗೆ ದಾರಿ ಬಿಟ್ಟು ಬಿಟ್ಟು ಎಷ್ಟು ಹೊತ್ತಿಗೆ ಮುಟ್ಟುತ್ತದೋ ಹೇಳಲಾಗದು. ಇನ್ನೊಂದು ವಿಮಾನ. ಊರಾಚೆಯ ಬಯಲಿಗೆ ಒಂದು ಚಿಕ್ಕ ವಿಮಾನ ಬರುತ್ತದೆ, ಒಂದು ಗಳಿಗೆಯಲ್ಲಿ ಮದರಾಸು. ಜೊತೆಗೆ ಯಾರಿಗೂ ಜಾಗವಿಲ್ಲ.

"ನನ್ನ ಕೇಳಿದರೆ ವಿಮಾನ," ಅಂದರು ಡಾಕ್ಟರು. "ರೈಲಿನ ಹೊಗೆ, ಜನ, ಧೂಳು... ಅವನ ಎದೆ ತಡೆಯುತ್ತೆ ಅನ್ನೋ ಧೈರ್ಯ ನನಗಿಲ್ಲಮ್ಮ."

"ರೈಲಾಗೇ ಓಗ್ತೀವಿ."

"ಯೋಚನೆ ಮಾಡು ತಾಯಿ."

"ಯೋಚ್ನೆ ಏನೈತೆ ಡಾಕ್ಟ್ರೇ? ಈಯಪ್ಪ ನೀರು ಬೇಕಾದ್ರೂ ಬಾಯ್ಬಿಟ್ಟು ಕೇಳಲ್ಲ. ನಾನೇ ಮೊಕ ನೋಡಿ ಕೊಡ್ಬೇಕು. ನಿಮ್ ಮದರಾಸಿನಾಗೆ ಈಯಪ್ಪನ ಮೊಕ ಯಾರ್ ನೋಡ್ತಾರೆ? ಗಂಟಲು ಒಣಗಿ ಸತ್ತೋಗ್ತಾನೆ, ಯಾರ್ಗೂ ಗೊತ್ತಾಗಲ್ಲ."

ನನಗೂ ಅವಳ ಮಾತೇ ಸರಿ ಎನ್ನಿಸಿತು. ಪಕ್ಕದಲ್ಲೇ ಮಂಚದ ಮೇಲೆ ದಿಂಬಿಗೆ ಒರಗಿದ್ದ ಮಾವ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ. ಅವನತ್ತ ಯಾರೂ ತಿರುಗಲಿಲ್ಲ. ಅತ್ತೆ ಮನೆಗೆ ಬಂದು ಹುರಿಹಿಟ್ಟು, ಶುಂಠಿ, ಎರಡು ಪಂಚೆ, ತನ್ನದೊಂದು ಸೀರೆ ಗಂಟು ಕಟ್ಟಿ, ಆಸ್ಪತ್ರೆಯಲ್ಲಿ ಮಾವನ ಮಂಚದ ಬಳಿ ಇಟ್ಟು ಬಂದಳು.

ಆದರೆ ರೈಲಿನ ದಿನ ಬರುವ ಮೊದಲೇ ಮಾವನ ಉಸಿರು ಇನ್ನಷ್ಟು ಕೆಟ್ಟಿತು. ಅವತ್ತು ಬೆಳಿಗ್ಗೆ ನಾವು ಗಂಜಿ ತೆಗೆದುಕೊಂಡು ಹೋದರೆ ಮಂಚ ಖಾಲಿ. ಅತ್ತೆಯ ಕೈಯಿಂದ ಗಂಜಿಯ ಪಾತ್ರೆ ಬಿದ್ದೇಹೋಯಿತು. "ವಿಮಾನದವರ ಜೊತೆ ಹಾಕಿದ್ದಾರಮ್ಮ, ವ್ಯಾನಿನಲ್ಲಿದ್ದಾನೆ," ಎಂದಳು ಆಯಾ. ಅತ್ತೆ ಓಡಿದ ಓಟಕ್ಕೆ ನಾನು ಸಮನಾಗಲಿಲ್ಲ. ನಾನು ಅಂಗಳಕ್ಕೆ ಬರುವ ಹೊತ್ತಿಗೆ ಅವಳು ವ್ಯಾನಿನ ಮುಂದೆ ನಿಂತು ಎರಡೂ ಅಂಗೈಯನ್ನು ಬಾನೆಟ್ಟಿನ ಮೇಲೆ ಊರಿದ್ದಳು.

"ನನ್ ಗಂಡನ್ನ ಕೆಳಗಿಳ್ಸಿ!"

ಡ್ರೈವರು ಹಾರ್ನ್ ಹೊಡೆದ. ಅವಳು ಅಲ್ಲಾಡಲಿಲ್ಲ. ಡಾಕ್ಟರು ಬಂದು ಬೇಡಿಕೊಂಡರು. ಅಷ್ಟರಲ್ಲಿ ಸೈರನ್ನಿನ ಆಫೀಸರೂ ಬಂದರು. ಅವಳನ್ನು ಕಂಡದ್ದೇ ತಲೆಗೆ ಕೈ ಹಚ್ಚಿಕೊಂಡರು.

"ಮತ್ತೆ ನೀನೇನಾ? ಯುದ್ಧ ನಡೀತಿದೆ, ಗೊತ್ತಾ?"

"ನಂಗೂ ನಡೀತೈತೆ. ನನ್ ಕೇಳ್ದೆ ನನ್ ಗಂಡನ್ನ ಎತ್ಕಂಡೋಗಕ್ಕೆ ಆಯಪ್ಪ ಏನು ನಿಮ್ ಚಿನ್ನದ್ ಗಟ್ಟೀನಾ?"

"ಪೊಲೀಸರನ್ನ ಕರೆಸಬೇಕಾಗುತ್ತೆ."

"ಕರ್ಸಿ. ಅವ್ರೂ ನಮ್ಮೂರ್ ನೀರೇ ಕುಡ್ಯೋದು."

"ಅತ್ತೇ, ಬಾರತ್ತೆ, ಬೇಡ," ಎಂದು ನಾನು ಸೆರಗು ಹಿಡಿದು ಎಳೆಯುತ್ತಿದ್ದೆ. ಆಗ ವ್ಯಾನಿನ ಒಳಗಿನಿಂದ ತಗಡಿಗೆ ಕುಟ್ಟಿದ ಸದ್ದು ಬಂತು. ಒಂದು ಸಲ, ಮತ್ತೆ ಇನ್ನೊಂದು ಸಲ. ಎಲ್ಲರೂ ಹಿಂದಕ್ಕೆ ಹೋಗಿ ನೋಡಿದೆವು. ಮಾವ ಸ್ಟ್ರೆಚರಿನ ಮೇಲೆ ಎದ್ದು ಕೂತಿದ್ದ. ಕುಟ್ಟಿದ್ದು ಅವನೇ.

"ಅಮ್ಮೀ," ಅಂದ ಅತ್ತೆಗೆ. ಒಂದೊಂದು ಮಾತಿಗೂ ಉಸಿರು ಹುಡುಕಬೇಕಿತ್ತು. "ದಾರಿ ಬಿಡು."

"ಏನಂದೆ?"

"ನಾನ್ ಓಗ್ತೀನಿ. ವಿಮಾನದಾಗೆ."

"ನಿಂಗೇನ್ ಗೊತ್ತಾಗ್ತದೆ, ಸುಮ್ಕಿರಯ್ಯ."

ಮಾವನ ಮುಖ ಅಷ್ಟು ಗಡುಸಾದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. "ನನ್ ಒಂದ್ ಮಾತ್ ಕೇಳಿದ್ಯೇನೇ ನೀನು? ಈ ಡಾಕ್ಟ್ರು ಕೇಳಿದ್ರಾ? ರೈಲಂತೆ, ವಿಮಾನವಂತೆ, ಮೂಟೆ ಸಾಗ್ಸೋರಂಗೆ ಮಾತಾಡ್ಕಂಡ್ರಿ." ಕೆಮ್ಮು ಬಂತು. ಅತ್ತೆ ಕೈ ಚಾಚಿದರೆ ಅವನು ಆ ಕೈಯನ್ನು ತಳ್ಳಿದ. "ಹುಡುಗ್ನಾಗಿದ್ದಾಗಿಂದ ಕೆಳಕ್ಕೇ ಇಳ್ದೆ. ದಿನಾ ಇಳ್ದೆ. ಕತ್ಲಾಗೇ ಬದುಕಿದ್ದಾಯ್ತು. ಒಂದೇ ಒಂದ್ ಸಲ ಮ್ಯಾಕ್ ಓಗ್ತೀನಿ ಕಣೇ. ಓಗಿ ನೋಡ್ತೀನಿ. ಸತ್ರೆ ಸಾಯ್ತೀನಿ, ಬಿಡು."

ಅತ್ತೆ ಅಳುತ್ತಾಳೆ ಎಂದುಕೊಂಡೆ, ಇಲ್ಲವೇ ಅವನಿಗೆ ನಾಲ್ಕು ಬಾರಿಸುತ್ತಾಳೆ ಎಂದುಕೊಂಡೆ. ಎರಡೂ ಆಗಲಿಲ್ಲ. ಗಂಡನ ಮುಖ ನೋಡಿದಳು. ಸೆರಗು ಸಿಕ್ಕಿಸಿಕೊಂಡು ಆಫೀಸರ ಕಡೆ ತಿರುಗಿದಳು.

"ಕೇಳಿಸ್ತಾ ದೊರೆ? ನನ್ ಗಂಡ ವಿಮಾನದಾಗ್ ಓಗ್ತಾನಂತೆ. ಕಿಟಕಿ ಪಕ್ಕ ಮಲಗ್ಸಬೇಕು."

"ಅದೆಲ್ಲ ಹಾಗೆ ಹೇಳೋಕೆ ಆಗಲ್ಲಮ್ಮ, ಸ್ಟ್ರೆಚರು ಹೇಗೆ ಬರುತ್ತೋ..."

"ಕಿಟಕಿ ಇಲ್ದಿದ್ರೆ ವ್ಯಾನು ಇಲ್ಲಿಂದ ಅಲ್ಲಾಡಲ್ಲ."

ಆಫೀಸರು ಡಾಕ್ಟರ ಮುಖ ನೋಡಿದರು, ಡಾಕ್ಟರು ಆಕಾಶ ನೋಡಿದರು. ಕೊನೆಗೆ ಆಫೀಸರೇ "ಆಯ್ತು ಮಾರಾಯ್ತಿ" ಎಂದರು. ಅವರು ಮಾತಿಗೆ ತಪ್ಪಬಹುದೆಂದು ಅತ್ತೆ ನನ್ನನ್ನೂ ಎಳೆದುಕೊಂಡು ಅದೇ ವ್ಯಾನಿಗೆ ಹತ್ತಿದಳು.

ಬಯಲಿನಲ್ಲಿ ವಿಮಾನ ನಿಂತಿತ್ತು. ನಾನು ದೊಡ್ಡದೇನೋ ಇರುತ್ತದೆಂದುಕೊಂಡಿದ್ದೆ. ಅದು ನಮ್ಮ ಲೈನಿನ ಎರಡು ಮನೆಯಷ್ಟೂ ಉದ್ದವಿರಲಿಲ್ಲ. ಅತ್ತೆ ಯಾರ ಅಪ್ಪಣೆಯನ್ನೂ ಕೇಳದೆ ಮೆಟ್ಟಿಲು ಹತ್ತಿ ಒಳಗೆ ಬಗ್ಗಿ ನೋಡಿದಳು. ಸ್ಟ್ರೆಚರು ಹೊತ್ತವರು ಮಾವನನ್ನು ಬಾಗಿಲ ಕಡೆ ತಲೆ ಮಾಡಿ ಇಟ್ಟಿದ್ದರು. "ಆ ಕಡೆಯಿಂದ ಏನ್ ಕಾಣ್ತದೆ, ನಿನ್ ಬೆನ್ನಾ? ತಿರುಗ್ಸಿ!" ತಿರುಗಿಸಿದರು. ಮಾವನ ಜೊತೆ ವ್ಯಾನಿನಲ್ಲಿ ಬಂದಿದ್ದ ಹುರಿಹಿಟ್ಟಿನ ಗಂಟನ್ನೇ ತಲೆಯ ಕೆಳಗೆ ಇಟ್ಟು ಎತ್ತರ ಮಾಡಿದಳು. ಜೊತೆಗೆ ಹೊರಟಿದ್ದ ನರ್ಸು ಕೇರಳದ ಚಿಕ್ಕ ಹುಡುಗಿ. ಅತ್ತೆ ಅವಳ ಎರಡೂ ಕೈ ಹಿಡಿದುಕೊಂಡಳು.

"ನೋಡಮ್ಮಣ್ಣಿ, ಈಯಪ್ಪ ಬಾಯ್ಬಿಟ್ಟು ಏಳಲ್ಲ. ಇಂಗೆ ಕೆಳದುಟಿ ಕಚ್ಕಂಡ್ರೆ ನೀರ್ ಬೇಕು ಅಂತ. ಇಂಗೆ ಎದೆ ಮ್ಯಾಲೆ ಕೈ ಇಟ್ಕಂಡ್ರೆ ಎತ್ತಿ ಕೂರ್ಸ್ಬೇಕು ಅಂತ. ತಿಳೀತಾ?"

ಆ ಹುಡುಗಿಗೆ ಮಾತು ತಿಳಿಯಲಿಲ್ಲ. ಅತ್ತೆ ತಾನೇ ತುಟಿ ಕಚ್ಚಿ, ತಾನೇ ಎದೆಯ ಮೇಲೆ ಕೈಯಿಟ್ಟು ಮಾಡಿ ತೋರಿಸಿದಳು. ಹುಡುಗಿಯೂ ಹಾಗೇ ಮಾಡಿ ತೋರಿಸಿದ ಮೇಲೆ ಅತ್ತೆ ಕೆಳಗಿಳಿದಳು. ಮಾವನಿಗೆ ಹೋಗಿ ಬಾ ಎಂದೂ ಹೇಳಲಿಲ್ಲ. ವಿಮಾನ ಧೂಳೆಬ್ಬಿಸಿ ಮೇಲೆ ಎದ್ದು, ಒಂದು ಸುತ್ತು ತಿರುಗಿ, ಗಣಿಯ ಮೇಲೆ ಹಾದು ಹೋಯಿತು. ಆಗ ಅವಳು ತಲೆ ಎತ್ತಿ ಬೈದಳು ನೋಡಿ, ಅಲ್ಲಿದ್ದ ಗಂಡಸರು ಕಿವಿ ಮುಚ್ಚಿಕೊಳ್ಳಬೇಕು! ಮಾವನ ಅಪ್ಪನಿಂದ ಶುರುಮಾಡಿ ಅವನ ಏಳು ತಲೆಮಾರಿನವರನ್ನೂ ಬಿಡಲಿಲ್ಲ.

ಆಮೇಲಿನ ದಿನಗಳನ್ನು ನಾನು ನನ್ನ ಶತ್ರುವಿಗೂ ಕೋರುವುದಿಲ್ಲ. ಅವಳ ಜೊತೆ ಮನೆಯಲ್ಲಿ ಇದ್ದವಳು ನಾನು. ಸಾರಿಗೆ ಉಪ್ಪು ಹೆಚ್ಚು, ಮುದ್ದೆ ಗಂಟು, ಕಸ ಗುಡಿಸಿದ್ದು ಸರಿಯಿಲ್ಲ. ಮಗನ ಜೊತೆ ಜಗಳ, ಮಾರಿಯಮ್ಮನ ಜೊತೆ ಜಗಳ, ನಲ್ಲಿಯ ಹತ್ತಿರ ದಿನವೂ ಜಗಳ. ಯುದ್ಧ ನಿಂತಿತೆಂದು ಸಿಹಿ ಹಂಚಿದವರ ಮೇಲೂ ರೇಗಿದಳು. ದಿನ ಬೆಳಗಾದರೆ ಆಸ್ಪತ್ರೆಗೆ ಹೋಗಿ ಮದರಾಸಿನ ಸುದ್ದಿ ಕೇಳುವುದು, ಏನೂ ಬಂದಿಲ್ಲ ಎಂದರೆ ಅಲ್ಲೂ ನಾಲ್ಕು ಮಾತಾಡಿ ಬರುವುದು. ಒಂದು ಮಧ್ಯಾಹ್ನ ರಾಗಿ ಬೀಸುತ್ತಾ ಕೂತವಳು ಕಲ್ಲು ನಿಲ್ಲಿಸಿ ಅತ್ತುಬಿಟ್ಟಳು.

"ಅಲ್ಲೇ ಸತ್ತೋಗಿದ್ರೆ ಏನ್ಲೇ ಮಾಡ್ಲಿ ರತ್ನಿ? ನಾನ್ ದಾರಿ ಬಿಡ್ಬಾರ್ದಿತ್ತು. ಬಾಯ್ಗೆ ನೀರ್ ಬಿಡೋರಿಲ್ದಂಗೆ ಕಳಿಸ್ಬುಟ್ಟೆ."

"ಮಾವನೇ ಕೇಳಿದ್ದಲ್ವಾ ಅತ್ತೆ?"

"ಅದಕ್ಕೇ ಕಣೇ ಬಿಟ್ಟಿದ್ದು. ಮೊದಲ್ನೇ ಸಲ ಬಾಯ್ಬಿಟ್ಟು ಒಂದ್ ಕೇಳ್ದ. ಎಂಗೆ ಇಲ್ಲ ಅನ್ಲಿ?"

ಮದರಾಸಿಗೆ ಹೋದವರೆಲ್ಲ ವಾಪಸು ಬರುತ್ತಿದ್ದಾರೆ, ರೈಲಿನಲ್ಲಿ, ಎಂದು ಸುದ್ದಿ ಬಂತು. ಎಲ್ಲರೂ ಅಂದರೆ ಬದುಕಿ ಉಳಿದವರು. ಕೆಲವರು ತೀರಿಕೊಂಡಿದ್ದಾರಂತೆ, ಯಾರೆಂದು ಆಸ್ಪತ್ರೆಯವರಿಗೂ ಸರಿಯಾಗಿ ತಿಳಿದಿರಲಿಲ್ಲ. ಅತ್ತೆ, ನಾನು, ನನ್ನ ಗಂಡ ಬಂಗಾರಪೇಟೆಗೆ ಹೋದೆವು. ಪ್ಲಾಟ್‌ಫಾರಂ ತುಂಬ ಲೈನಿನ ಜನವೇ. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಮಗ ಬೆಂಚು ತೋರಿಸಿದರೂ ಅತ್ತೆ ಕೂರಲಿಲ್ಲ. ರೈಲು ಬರುವ ದಿಕ್ಕಿಗೆ ಮುಖ ಮಾಡಿ ನಿಂತೇ ಇದ್ದಳು.

ರೈಲು ಬಂತು. ಒಬ್ಬೊಬ್ಬರನ್ನೇ ಇಳಿಸಿದರು. ಒಬ್ಬರನ್ನು ಇಳಿಸಿದಾಗ ಒಂದು ಕಡೆ ಸಂತೋಷದ ಕೂಗು. ಇಳಿಸುವುದು ಮುಗಿಯುತ್ತಾ ಬಂದ ಹಾಗೆ ಇನ್ನೊಂದು ಕಡೆ ಅಳು ಶುರುವಾಯಿತು. ಅತ್ತೆ ಡಬ್ಬಿಯಿಂದ ಡಬ್ಬಿಗೆ ಇಣುಕುತ್ತಾ ನಡೆದಳು. ಕೊನೆಯದರ ಹತ್ತಿರ ನಿಂತಳು. ನಾವು ಓಡಿದೆವು. ಬಾಗಿಲಿನಲ್ಲೇ ಕಾಲು ಇಳಿಬಿಟ್ಟುಕೊಂಡು ಮಾವ ಕೂತಿದ್ದ. ಅರ್ಧ ಸೊರಗಿ ಹೋಗಿದ್ದ. ಆದರೆ ನಗುತ್ತಿದ್ದ.

ಹೇಗಿದ್ದೀಯ ಎಂದು ಅತ್ತೆ ಕೇಳಲಿಲ್ಲ. "ಕಾಣ್ತಾ?" ಅಂದಳು.

"ಕಾಣ್ತು."

"ಏನ್ ಕಾಣ್ತು?"

"ಎಲ್ಲಾ." ಅವನು ಉಸಿರು ತೆಗೆದುಕೊಂಡ. "ಶಾಫ್ಟು, ಗಣಿ ಮಣ್ಣಿನ್ ಬೂದಿ ದಿಬ್ಬ, ಲೈನು, ದೊರೆಗಳ್ ಬಂಗ್ಲೆ. ನಿಮ್ಮೂರ್ ಕೆರೆ. ಇಂಗೆ ಅಂಗೈ ಅಡ್ಡ ಇಟ್ರೆ ಅಷ್ಟೂ ಮುಚ್ಚೋಗ್ತದೆ ಕಣೇ. ಬಂಗ್ಲೇನೂ ಅಷ್ಟೇ, ನಮ್ಮನೇನೂ ಅಷ್ಟೇ. ಇಷ್ಟಗಲ ಜಾಗಕ್ಕೆ, ಅದ್ರಾಗಿರೋರ್ಗೆ, ಆಯಸ್ಸೆಲ್ಲ ಎದ್ರುಕಂಡೇ ಇದ್ನಲ್ಲ ನಾನು!"

ಅತ್ತೆ ಸೆರಗಿನಿಂದ ಅವನ ಹಣೆಯ ಮಸಿ ಒರೆಸಿದಳು. "ನಾನ್ ಯಾರ್ಗೂ ಎದ್ರುಕಂಡಿರ್ಲಿಲ್ಲ ಕಣಯ್ಯ. ನೀನ್ ಓದ್ ಮ್ಯಾಕೆ ಎದ್ರುಕಂಡೆ."

ಅಷ್ಟರಲ್ಲಿ ಆಸ್ಪತ್ರೆಯ ಜವಾನ ಅವಸರ ಮಾಡುತ್ತಾ ಬಂದ. ಹೊರಗೆ ಲಾರಿ ನಿಂತಿದೆ, ಆ ಕಡೆ ಗಣಿಗೆ ಹೋಗುವ ರೈಲೂ ಹೊರಡುವುದರಲ್ಲಿದೆ, ಕದಿರಪ್ಪನನ್ನು ಯಾವುದಕ್ಕೆ ಹಾಕಬೇಕು ಬೇಗ ಹೇಳಮ್ಮ ಎಂದ. ಅತ್ತೆ ಬಾಯಿ ತೆರೆದಳು. ತೆರೆದ ಬಾಯನ್ನು ಮುಚ್ಚಿ ಮಾವನ ಕಡೆ ತಿರುಗಿದಳು.

"ನೀನೇ ಏಳಯ್ಯ. ಯಾವ್ದ್ರಾಗ್ ಓಗಾನ?"

ಮಾವ ಹೊರಗಿನ ಲಾರಿಯ ಕಡೆ ನೋಡಿದ, ರೈಲಿನ ಕಡೆ ನೋಡಿದ, ಮತ್ತೆ ಲಾರಿಯ ಕಡೆ ನೋಡಿದ. ಜವಾನ ಚಡಪಡಿಸಿದ. ರೈಲಿನ ಶಿಳ್ಳೆ ಕೇಳಿತು. "ಬೇಗ ಬೇಗ, ಹೊತ್ತಾಯ್ತು!" ಎಂದು ಅವನು ಮಾವನ ತೋಳಿಗೆ ಕೈ ಹಾಕಿದ್ದೇ ತಡ, ಅತ್ತೆ ಆ ಕೈಯನ್ನು ಹಿಡಿದು ಪಕ್ಕಕ್ಕೆ ಸರಿಸಿದಳು.

"ಒಸಿ ತಡಿಯಯ್ಯ. ಆಯಪ್ಪ ಯೋಚ್ನೆ ಮಾಡ್ತಾವ್ನೆ."